ಒಂದೇ ಬೆರಳಿಗೆ ಮುಚ್ಚಬೇಕಾದ ಬಾಗಿಲು

ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಪಟಮಟದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಕೆಲವರು ನಮ್ಮ ಕಡೆಯಿಂದ ಬಂದು ವಿಜಯವಾಡದಲ್ಲಿ ನೌಕರಿಗಿರುವ ಕನ್ನಡದ ಮಕ್ಕಳು, ಕೆಲವರು ಅವರ ತೆಲುಗು ಗೆಳೆಯರು. ಚಹಾದ ಲೋಟ ಕೈಗೆ ಬರುವ ಮೊದಲೇ ಪ್ರಶ್ನೆ ಶುರು: ಯಾವ ಪ್ರೊಸೆಸರ್ ಒಳ್ಳೆಯದು, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ, ಎಷ್ಟು ರ್‍ಯಾಮ್ ಹಾಕಿಸಲಿ. ಇದನ್ನೆಲ್ಲ ಯಾವ ಕ್ಯಾಬಿನೆಟ್ಟಿನಲ್ಲಿ ಇಡಲಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದು ಬರೀ ತಗಡಿನ ಡಬ್ಬಿ, ಚಂದ ಕಂಡದ್ದನ್ನು ತಂದರಾಯಿತು ಎಂಬ ಭಾವನೆ. ಆ ತಗಡಿನ ಡಬ್ಬಿಯ ದೆಸೆಯಿಂದ ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ನನ್ನ ಬಡ್ತಿಗಳ ಕಥೆ ಇಲ್ಲಿಲ್ಲ. ಅವು ಬರುವ ಹೊತ್ತಿಗೆ ನನಗೇ ಅವುಗಳಲ್ಲಿ ಆಸಕ್ತಿ ಉಳಿದಿರಲಿಲ್ಲ.

ನಾನು ಗದಗಿನವಳು, ಹೆಸರು ಸುಮಂಗಲಾ. ಡಿಪ್ಲೊಮಾ ಮುಗಿಸಿ ವಿಶಾಖಪಟ್ಟಣದ ಒಂದು ದೊಡ್ಡ ಸರಕಾರಿ ಕಾರ್ಖಾನೆಗೆ ಸೇರಿದೆ. ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲೇ ತಲೆ ನೆರೆಸಿಕೊಂಡು ನಿವೃತ್ತಳಾದೆ. ನನ್ನ ಗಂಡ ಬ್ಯಾಂಕಿನವರು. ಅವರಿಗೆ ವಿಜಯವಾಡಕ್ಕೆ ವರ್ಗವಾದ ಮೇಲೆ ಪಟಮಟದಲ್ಲಿ ಮನೆ ಮಾಡಿದೆವು. ವಾರವಿಡೀ ನಾನು ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ, ರಜೆ ಬಂದರೆ ರೈಲು ಹತ್ತಿ ಇಲ್ಲಿಗೆ. ಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಓಡಾಡುವ ಹೆಂಗಸು ಎಂದು ಆ ರೈಲಿನಲ್ಲಿ ಕಾಫಿ ಮಾರುವವರಿಗೂ ನನ್ನ ಗುರುತು ಇತ್ತು.

ನಾನು ಸೇರಿದ ಕಾಲದ ಕ್ಯಾಬಿನೆಟ್‌ಗಳನ್ನು ನೀವು ನೋಡಿಲ್ಲ, ಪುಣ್ಯವಂತರು. ಹೊರಗೆ ಮಾಸಲು ಬಿಳಿ ಬಣ್ಣ, ಒಳಗೆ ಬ್ಲೇಡಿನಂಥ ಅಂಚು. ಬೆರಳಿಗೆ ಪಟ್ಟಿ ಸುತ್ತಿಕೊಂಡಿಲ್ಲ ಎಂದರೆ ಅವತ್ತು ಕೆಲಸ ಮಾಡಿಲ್ಲ ಎಂದೇ ನಮ್ಮ ವಿಭಾಗದಲ್ಲಿ ಲೆಕ್ಕ. ಕೆಲವು ಡಬ್ಬಿಗಳಲ್ಲಿ ಹಾರ್ಡ್‌ಡಿಸ್ಕ್ ಬಿಚ್ಚಬೇಕಾದರೆ ಮದರ್‌ಬೋರ್ಡನ್ನೇ ಹೊರಗೆಳೆಯಬೇಕಿತ್ತು. ಅದನ್ನು ಮಾಡಿದವರು ಯಾರೋ, ಅವರನ್ನು ಒಂದು ದಿನ ನಮ್ಮ ಜೊತೆ ರಿಪೇರಿಗೆ ಕೂರಿಸಬೇಕಿತ್ತು. ಆದರೆ ಒಳಗೆ ಜಾಗ ಮಾತ್ರ ಧಾರಾಳ. ಕಾರ್ಡುಗಳು ಅಂಗೈಯಷ್ಟು, ತಂತಿಗಳು ಬೆರಳೆಣಿಕೆಯಷ್ಟು. ಬಾಗಿಲು ಮುಚ್ಚುವುದೂ ಒಂದು ಕೆಲಸ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಹಿರೇಮಠ ಸಾಹೇಬರು. ಅವರೂ ಗದಗ ಸೀಮೆಯವರೇ, ಟೌನ್‌ಶಿಪ್ಪಿನ ಕನ್ನಡ ಸಂಘದ ಅಧ್ಯಕ್ಷರು. ಯುಗಾದಿಗೆ ಅವರ ಮನೆಯಲ್ಲಿ ನಮಗೆಲ್ಲ ಹೋಳಿಗೆ ಊಟ. ನವೆಂಬರಿನಲ್ಲಿ ಸಂಘದ ವೇದಿಕೆಯ ಮೇಲೆ ಹಾಡುವವಳು ನಾನು. ನನಗೆ ಕೆಲಸ ಕಲಿಸಿದವರೂ ಅವರೇ, ಅಣ್ಣನಂತೆ ಗದರಿ ಕಲಿಸಿದರು. ಒಮ್ಮೆ ಹೊಸ ಯಂತ್ರಗಳ ಮದರ್‌ಬೋರ್ಡುಗಳು ಒಂದರ ಹಿಂದೊಂದು ಸಾಯತೊಡಗಿದವು. ಕರೆಂಟು ಸರಿಯಿಲ್ಲ ಎಂದರು ಒಬ್ಬರು, ಸಮುದ್ರದ ಉಪ್ಪುಗಾಳಿ ಎಂದರು ಇನ್ನೊಬ್ಬರು. ಆ ಯಂತ್ರಗಳನ್ನು ಜೋಡಿಸಿದ್ದ ನಮ್ಮ ಅಪ್ಪಾರಾವ್ ಮಾತ್ರ ಶನಿಯ ಕಾಟವೆಂದು ತೀರ್ಮಾನಿಸಿ ಎಳ್ಳೆಣ್ಣೆಯ ದೀಪ ಹಚ್ಚಿಬಂದ. ಹಿರೇಮಠರು ಒಂದು ಸತ್ತ ಬೋರ್ಡನ್ನು ಬಿಚ್ಚಿ ಅದರ ಬೆನ್ನು ನೋಡಿದರು. ಬೋರ್ಡು ತಗಡಿಗೆ ತಾಗಬಾರದೆಂದು ಅದರ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಕೂರಿಸುತ್ತೇವಲ್ಲ, ಗಟ್ಟಿಯಾಗಿರಲಿ ಎಂದು ಅಪ್ಪಾರಾವ್ ಬೇಡದ ಜಾಗದಲ್ಲೂ ಒಂದು ಕಾಲು ಕೂರಿಸಿದ್ದ. ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿತ್ತು.

“ಶನಿ ಕಾದಯ್ಯಾ, ನುವ್ವೇ!” ಎಂದರು ಹಿರೇಮಠರು ತೆಲುಗಿನಲ್ಲಿ. ಶನಿಯಲ್ಲವೋ, ನೀನೇ ಎಂದು. ಅಪ್ಪಾರಾವ್‌ನೂ ಸೇರಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಇದೇ ಅಪ್ಪಾರಾವ್ ಒಂದು ಆಯುಧಪೂಜೆಯಲ್ಲಿ ವಿಭಾಗದ ಸರ್ವರ್ ಕಂಪ್ಯೂಟರಿಗೆ ಭಕ್ತಿಯಿಂದ ಕುಂಕುಮ ಹಚ್ಚಿದ. ಹಚ್ಚಿದ್ದು ಸರಿಯಾಗಿ ಮುಂಭಾಗದ ಫ್ಯಾನಿನ ಜಾಲರಿಯ ಮೇಲೆ, ಅದೂ ಒಂದು ಮುಷ್ಟಿ. ಫ್ಯಾನು ಅದನ್ನೆಲ್ಲ ಒಳಗೆಳೆದುಕೊಂಡಿತು. ಬಾಗಿಲು ತೆಗೆದು ನೋಡಿದರೆ ಒಳಗೆಲ್ಲ ಕೆಂಪು. ಗಾಳಿ ಎಲ್ಲಿಂದ ಬಂದು ಎಲ್ಲಿ ತಿರುಗಿ ಎಲ್ಲಿ ಹೋಗುತ್ತದೆ ಎಂಬುದು ಬರೆದಿಟ್ಟ ಹಾಗೆ ಕಾಣುತ್ತಿತ್ತು. ಹಿರೇಮಠರು ಬೈಯುವುದನ್ನು ಮರೆತು ನಮ್ಮನ್ನೆಲ್ಲ ಕರೆದು ತೋರಿಸಿದರು. “ಕುಂಕುಮ ಹೋದ ದಾರಿಯೊಳಗನ ಕಬ್ಬಿಣದ ಧೂಳೂ ಹೊಕ್ಕತೈತಿ,” ಎಂದರು. ನಮ್ಮ ಶೆಡ್ಡುಗಳಲ್ಲಿ ದಿನವಿಡೀ ಲೋಹ ಉಜ್ಜುವ ಕೆಲಸ, ಗಾಳಿಯಲ್ಲೆಲ್ಲ ಕಬ್ಬಿಣದ ಪುಡಿ. ಅಂದಿನಿಂದ ವಿಭಾಗಕ್ಕೊಂದು ಕಾನೂನಾಯಿತು: ಫ್ಯಾನಿದ್ದಲ್ಲಿ ಫೋಮ್ ಇರಬೇಕು. ಆ ಫೋಮ್ ತರುವುದು ನನ್ನ ಪಾಲಿಗೆ ಬಂತು. ವಿಜಯವಾಡದ ಆಟೋನಗರ್‌ನಲ್ಲಿ ಬಸ್ಸಿನ ಸೀಟು ಹೊಲಿಯುವವರ ಹತ್ತಿರ ತೆಳುವಾಗಿ ಸೀಳಿಸಿಕೊಂಡು, ಸುರುಳಿ ಸುತ್ತಿ ರೈಲಿನಲ್ಲಿ ಒಯ್ಯುತ್ತಿದ್ದೆ. ಧೂಳು ನಿಂತಿತು, ಯಂತ್ರಗಳ ಆಯುಷ್ಯ ಹೆಚ್ಚಿತು. ಒಳ್ಳೆಯ ಕಾನೂನೇ ಅದು.

ಆಮೇಲೆ ಕಾಲ ಬದಲಾಯಿತು. ಕ್ಯಾಬಿನೆಟ್‌ಗಳಿಗೆ ಗಾಜಿನ ಬಾಗಿಲು ಬಂತು, ದೀಪಾವಳಿಯ ಸರದಂಥ ಲೈಟು ಬಂತು. ಮೇಲಿದ್ದ ಎಸ್‌ಎಂಪಿಎಸ್, ಅಂದರೆ ಕರೆಂಟು ಹಂಚುವ ಪೆಟ್ಟಿಗೆ, ಕೆಳಕ್ಕೆ ಇಳಿಯಿತು. ಅಂಗೈಯಷ್ಟಿದ್ದ ಗ್ರಾಫಿಕ್ಸ್ ಕಾರ್ಡ್ ಬೆಳೆದು ಮೊಳಕೈಯುದ್ದವಾಯಿತು. ಒಳಗಿನ ಸಾಮಾನು ದೊಡ್ಡದಾಗುತ್ತ ಹೋದರೆ ಹೊರಗಿನ ಡಬ್ಬಿ ತೆಳ್ಳಗಾಗುತ್ತ ಬಂತು, ತೆಳ್ಳಗಿದ್ದರೆ ಮೇಜಿಗೆ ಶೋಭೆ ಎಂದು. ಡಬ್ಬಿಯ ಹೊರಗೆ ಇಷ್ಟುದ್ದದ ಕಾರ್ಡ್ ಹಿಡಿಸುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಅದು ಖಾಲಿ ಡಬ್ಬಿಯ ಅಳತೆ ಎಂಬುದನ್ನು ತಲೆಯಲ್ಲಿಟ್ಟುಕೊಳ್ಳಿ. ಮುಂದೆ ಫ್ಯಾನು ಕೂರಿಸಿದರೆ ಎರಡು ಬೆರಳಷ್ಟು ಜಾಗ ಹೋಯಿತು, ಹಾರ್ಡ್‌ಡಿಸ್ಕಿನ ಗೂಡಿದ್ದರೆ ಇನ್ನಷ್ಟು. ಉದ್ದವನ್ನಾದರೂ ಬರೆಯುತ್ತಾರೆ. ಕಾರ್ಡಿನ ಅಂಚಿನಿಂದ ಬಾಗಿಲಿನವರೆಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಯಾರೂ ಬರೆಯುವುದಿಲ್ಲ. ನಮ್ಮ ಕಥೆ ಸಿಕ್ಕಿಬಿದ್ದದ್ದು ಅಲ್ಲೇ.

ನನ್ನ ನಿವೃತ್ತಿಗೆ ಇನ್ನೂ ಕೆಲವು ವರ್ಷವಿತ್ತು, ಹಿರೇಮಠರದು ಹತ್ತಿರ ಬಂದಿತ್ತು. ಬೆಸುಗೆ ಹಾಕಿದ ಜಾಗವನ್ನು ಕ್ಯಾಮೆರಾದಿಂದ ನೋಡಿ ಬಿರುಕು ಹುಡುಕುವ ಹೊಸ ವ್ಯವಸ್ಥೆ ನಮ್ಮ ತಪಾಸಣೆ ಕೋಣೆಗೆ ಬಂತು. ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರುಗಳು ಬೇಕು. ಆ ಕೋಣೆಯ ಉಕ್ಕಿನ ಮೇಜುಗಳಲ್ಲಿ ಕಂಪ್ಯೂಟರ್ ಇಡಲೆಂದು ಹಳೆಯ ಕಾಲದ ಇಕ್ಕಟ್ಟಾದ ಗೂಡುಗಳಿದ್ದವು. ಹಿರೇಮಠರು ಟೇಪು ಹಿಡಿದು ಗೂಡು ಅಳೆದು, ಅದರಲ್ಲಿ ಸಲೀಸಾಗಿ ಕೂರುವ ಒಂದು ತೆಳ್ಳನೆಯ ಕ್ಯಾಬಿನೆಟ್ ಆರಿಸಿದರು. ಜೋಡಿಸುವ ಕೆಲಸ ಶಿರೀಷಾಗೆ ಬಿತ್ತು.

ಶಿರೀಷಾ ಶ್ರೀಕಾಕುಳಂ ಕಡೆಯ ಹುಡುಗಿ, ಆಗಿನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಂದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸರಕಾರಿ ಕೆಲಸವೆಂದು ಇದ್ದ ಖಾಸಗಿ ಕೆಲಸ ಬಿಟ್ಟು, ತಾಯಿಯನ್ನೂ ಕರೆದುಕೊಂಡು ಟೌನ್‌ಶಿಪ್ಪಿಗೆ ಬಂದಿದ್ದಳು. ಮಾತು ಕಮ್ಮಿ, ಕೈ ಚುರುಕು. ತಂತಿಗಳನ್ನು ಜಡೆ ಹೆಣೆದಂತೆ ಒಪ್ಪವಾಗಿ ಕಟ್ಟುತ್ತಿದ್ದಳು. ಮೊದಲ ಯಂತ್ರ ಜೋಡಿಸಿದ ದಿನವೇ ಅವಳು ಹಿರಿಯರ ಹತ್ತಿರ ಹೋಗಿ ಬಾಗಿಲು ಮುಚ್ಚುತ್ತಿಲ್ಲ ಎಂದಿದ್ದಳು.

“ಮೋಕಾಲು ಪೆಟ್ಟಮ್ಮಾ!” ಎಂದ ಅಪ್ಪಾರಾವ್. ಮೊಣಕಾಲು ಹಾಕು ತಾಯಿ ಎಂದು.

ಇದು ನಮ್ಮ ವಿಭಾಗದ ವಿದ್ಯೆ, ಯಾವ ಪುಸ್ತಕದಲ್ಲೂ ಇಲ್ಲ. ತೆಳ್ಳನೆಯ ಕ್ಯಾಬಿನೆಟ್‌ಗಳು ಬಂದ ಮೇಲೆ ಹುಟ್ಟಿಕೊಂಡದ್ದು. ಬಾಗಿಲು ಉಬ್ಬಿ ನಿಂತರೆ ಡಬ್ಬಿಯನ್ನು ನೆಲಕ್ಕೆ ಮಲಗಿಸಿ, ಬಾಗಿಲಿನ ಮೇಲೆ ಮೊಣಕಾಲಿಟ್ಟು ಒತ್ತಿ, ಆ ಒತ್ತಡದಲ್ಲೇ ಸ್ಕ್ರೂ ಬಿಗಿಯುವುದು. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಕಛೇರಿಯ ಸಣ್ಣ ಯಂತ್ರಗಳಲ್ಲಿ ಉಬ್ಬುತ್ತಿದ್ದದ್ದು ಬರೀ ತಂತಿ, ಏನೂ ಆಗುತ್ತಿರಲಿಲ್ಲ. ಶಿರೀಷಾ ಹಿರಿಯರ ಮಾತಿನಂತೆ ಮೊಣಕಾಲಿಟ್ಟಳು.

ಬೇಸಿಗೆ ಏರುತ್ತಿದ್ದಂತೆ ತಪಾಸಣೆ ಕೋಣೆಯ ಪರದೆಗಳು ಕಪ್ಪಾಗತೊಡಗಿದವು. ಮೊದಲು ಒಂದು, ಆಮೇಲೆ ಮತ್ತೊಂದು. ಪರದೆ ಕಪ್ಪಾದರೆ ತಪಾಸಣೆ ನಿಂತಿತು. ತಪಾಸಣೆ ನಿಂತರೆ ಕ್ರೇನಿಗೆ ತೂಗಿದ ಸಾಮಾನು ಅಲ್ಲೇ ನಿಂತಿತು. ಮೇಲಿನವರಿಂದ ಫೋನಿನ ಮೇಲೆ ಫೋನು. ಬಿಚ್ಚಿ ನೋಡಿದರೆ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗು ಸುಟ್ಟು ಕಂದಾಗಿತ್ತು, ಪ್ಲಾಸ್ಟಿಕ್ ಕರಗಿತ್ತು. ಸಾಮಾನು ಪೂರೈಸಿದ ಕಂಪನಿಯವನು ಬಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟ: ಪ್ಲಗ್ಗನ್ನು ಕ್ಲಿಕ್ ಅನ್ನುವವರೆಗೆ ಒತ್ತಿಲ್ಲ, ಜೋಡಿಸಿದವರ ತಪ್ಪು. ಅವನಿಗೆ ಅಷ್ಟು ಹೇಳಿದರೆ ಗ್ಯಾರಂಟಿಯ ತಲೆನೋವು ತಪ್ಪುತ್ತದೆ. ಹಿರೇಮಠರು ಅದನ್ನು ಒಪ್ಪಿಕೊಂಡರು. ಹಣಕಾಸು ವಿಭಾಗದ ಮೂರ್ತಿಗಾರು, ಹಿರೇಮಠರು, ನಾನು, ಮೂವರ ಕಮಿಟಿಯಾಯಿತು. ತಪ್ಪು ಶಿರೀಷಾಳದ್ದು ಎಂದು ನಾವು ಮೂವರೂ ಸಹಿ ಹಾಕಿದರೆ ಅವಳು ಕಾಯಂ ಆಗುವುದಿಲ್ಲ, ಮನೆಗೆ ಹೋಗಬೇಕು. ಅಷ್ಟು ಸರಳ.

ಕ್ಯಾಂಟೀನಿನಲ್ಲಿ ಅವಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಇಡ್ಲಿಯ ತಟ್ಟೆಯನ್ನು ಮುಟ್ಟಿರಲಿಲ್ಲ.

“ಕ್ಲಿಕ್ ವಚ್ಚಿಂದಿ ಮೇಡಂ, ಒಟ್ಟು,” ಎಂದಳು. ಕ್ಲಿಕ್ ಬಂದಿತ್ತು, ಆಣೆಗೂ.

“ಪ್ರತಿಯೊಂದರಲ್ಲೂ?”

“ಪ್ರತಿಯೊಂದರಲ್ಲೂ. ಆದರೆ ಯಾರಿಗೆ ಹೇಳಲಿ? ಕ್ಲಿಕ್ ಅನ್ನೋದು ನನಗೊಬ್ಬಳಿಗೇ ಕೇಳಿಸಿದ್ದು.”

ಅವಳ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿದವಳು. ಪ್ಲಗ್ಗು ಒತ್ತಿ, ಮತ್ತೆ ಹಿಂದಕ್ಕೆಳೆದು, ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಮುಂದಕ್ಕೆ ಹೋಗುವ ಹುಡುಗಿಯಲ್ಲ ಅದು. ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕುವುದಿಲ್ಲ ಎಂದು ಅಲ್ಲೇ ಗಟ್ಟಿಮಾಡಿಕೊಂಡೆ. ಆದರೆ ಸಹಿ ಹಾಕದಿದ್ದರೆ ಸಾಲದು, ಇಬ್ಬರ ಮುಂದೆ ಒಬ್ಬಳ ಮಾತು ನಡೆಯುವುದಿಲ್ಲ. ಕಣ್ಣಿಗೆ ಕಾಣುವಂಥ ಕಾರಣ ಬೇಕು.

ಹಿರೇಮಠರಿಗೆ ನನ್ನ ಮನಸ್ಸು ಗೊತ್ತಾಯಿತೇನೋ. ಸಂಘದ ಸಭೆ ಮುಗಿದ ಮೇಲೆ ನನ್ನನ್ನು ಒಬ್ಬಳನ್ನೇ ನಿಲ್ಲಿಸಿಕೊಂಡರು.

“ಸುಮಂಗಲಾ, ಈ ಊರಾಗ ನಮ್ಮ ಮಂದಿ ಎಷ್ಟ ಅದೀವಿ? ನಮ್ಮವರ ನಮ್ಮವರ ಕೈ ಬಿಟ್ರ ಹೆಂಗವ್ವಾ? ಕ್ಯಾಬಿನೆಟ್ ಆರ್ಸಿದಾಂವ ನಾನು. ಅದರೊಳಗ ಐಬು ಅಂದ್ರ ನನ್ನ ಮುಖಕ್ಕ ಮಸಿ.”

“ಸರ್, ನಿಮ್ಮ ಮುಖಕ್ಕ ಮಸಿ ಹತ್ತೂದು ನನಗೂ ಬ್ಯಾಡ. ಆದ್ರ ಆ ಹುಡುಗಿ ಅನ್ನ ಹೋಗತದಲ್ರೀ.”

“ಆಕಿಗೆ ವಯಸ್ಸೈತಿ, ಬ್ಯಾರೆ ಕಡೆ ಸಿಗತದ.”

“ಒಂದ ವಾರ ಕೊಡ್ರಿ ನನಗ. ಅಷ್ಟರೊಳಗ ಏನೂ ಸಿಗಲಿಲ್ಲಂದ್ರ ಆಮ್ಯಾಲ ಮಾತಾಡೂಣು.”

ಅವರು ಹೂಂ ಎಂದರು, ಆದರೆ ಎಂದಿನಂತೆ ಗೇಟಿನವರೆಗೆ ಕಳಿಸಲು ಬರಲಿಲ್ಲ. ನನಗೆ ಸಂಕಟವಾಯಿತು. ದೂರದ ಊರಿನಲ್ಲಿ ಮನೆಮಾತಿನಲ್ಲಿ ಗದರುವ ಒಬ್ಬ ಹಿರಿಯರನ್ನು ಕಳೆದುಕೊಳ್ಳುವುದು ಸಣ್ಣ ಮಾತಲ್ಲ.

ಮರುದಿನ ಸುಟ್ಟ ಯಂತ್ರಗಳ ಬಾಗಿಲುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಮೈಯ ಕಪ್ಪು ಬಣ್ಣದ ಮೇಲೆ, ಎಲ್ಲ ಬಾಗಿಲುಗಳಲ್ಲೂ ಒಂದೇ ಜಾಗದಲ್ಲಿ, ಉಜ್ಜಿ ಉಜ್ಜಿ ಹೊಳಪು ಬಂದ ಒಂದು ಮಚ್ಚೆ. ಅಲ್ಲಿ ಏನೋ ತಾಗುತ್ತಿತ್ತು. ಕಾರ್ಡಿನ ಅಂಚಿನಲ್ಲಿ ಪ್ಲಗ್ಗು ಬಾಗಿಲಿನ ಕಡೆ ಮುಖ ಮಾಡಿ ನಿಲ್ಲುತ್ತದೆ. ಅಲ್ಲಿಂದ ಹೊರಟ ದಪ್ಪ ತಂತಿ ಬಾಗಿ ತಿರುಗಲು ಜಾಗ ಬೇಕು. ಆ ಜಾಗವಿಲ್ಲದಿದ್ದರೆ ಬಾಗಿಲು ತಂತಿಯನ್ನು ಒತ್ತುತ್ತದೆ, ತಂತಿ ಪ್ಲಗ್ಗನ್ನು ಓರೆ ಮಾಡುತ್ತದೆ. ಹೊರಗಿನ ಕೊಕ್ಕೆ ಕ್ಲಿಕ್ ಎಂದು ಹಿಡಿದುಕೊಂಡೇ ಇರುತ್ತದೆ, ಒಳಗಿನ ಪಿನ್ನು ಅರ್ಧಂಬರ್ಧ ತಾಗುತ್ತದೆ. ಅರ್ಧ ತಾಗಿದ ಪಿನ್ನು ಬಿಸಿಯಾಗಿ ಸುಡುತ್ತದೆ. ಇಷ್ಟು ನನ್ನ ಊಹೆ. ಮಚ್ಚೆ ತೋರಿಸಿದರೆ ಸಾಗಿಸುವಾಗ ಗೀಚಿದ್ದು ಎನ್ನುತ್ತಾರೆ. ಬೇರೆ ಡಬ್ಬಿಯ ಜೊತೆ ಇಟ್ಟು ಹೋಲಿಸಿ ತೋರಿಸಬೇಕಿತ್ತು. ವಿಶಾಖಪಟ್ಟಣದ ಅಂಗಡಿಗಳಲ್ಲಿ ಆಗ ನಾನು ಕೇಳಿದಂಥ ಅಗಲದ ಕ್ಯಾಬಿನೆಟ್ ಸಿಗಲಿಲ್ಲ. ರಜೆ ಹಾಕಿ ವಿಜಯವಾಡದ ರೈಲು ಹತ್ತಿದೆ.

ಪಟಮಟದ ಮನೆಯಲ್ಲಿ ಹಾಲ್ ತುಂಬ ರಟ್ಟು ಹರಡಿಕೊಂಡು ಕೂತೆ. ನಿಜವಾದ ಕಾರ್ಡನ್ನು ಕಾರ್ಖಾನೆಯಿಂದ ಹೊರಗೆ ತರುವಂತಿಲ್ಲ. ಅದಕ್ಕೇ ಮಿಠಾಯಿ ಡಬ್ಬಿಗಳನ್ನು ಕತ್ತರಿಸಿ ಅದೇ ಅಳತೆಯ ರಟ್ಟಿನ ಕಾರ್ಡ್, ಪ್ರೊಸೆಸರ್ ತಣಿಸುವ ಕೂಲರಿನ ರಟ್ಟಿನ ನಕಲು, ರಟ್ಟಿನ ಎಸ್‌ಎಂಪಿಎಸ್ ಮಾಡಿದೆ. ತಂತಿಯ ಬಾಗು ಮಾತ್ರ ರಟ್ಟಿನಲ್ಲಿ ಬರುವುದಿಲ್ಲವಲ್ಲ, ಅಷ್ಟೇ ದಪ್ಪದ ಹಳೆಯ ತಂತಿಯನ್ನೇ ಕಟ್ಟಿದೆ.

“ಗೊಂಬಿ ಕುಂಡ್ರಸಾಕ ಹತ್ತೀಯೇನ? ದಸರಾ ಇನ್ನೂ ದೂರ ಐತಿ,” ಎಂದರು ನನ್ನ ಯಜಮಾನರು, ಪೇಪರಿನಿಂದ ತಲೆಯೆತ್ತಿ.

“ನೀವು ಸುಮ್ಮನ ಆ ಊದಿನಕಡ್ಡಿ ಹಚ್ಚಿ ಕೊಡ್ರಿ.”

ಮನೆಯ ಕಂಪ್ಯೂಟರಿನ ಮುಂದೆ ಊದಿನಕಡ್ಡಿ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡುವುದು ನನ್ನ ಹಳೆಯ ರೂಢಿ. ಮುಂಭಾಗಕ್ಕೆ ಫೋಮ್ ಹಾಕಿದಾಗ ಹೊಗೆ ಎಷ್ಟು ನಿಧಾನವಾಗುತ್ತದೆ ಎಂದು ನೋಡಿದೆ. ಊದಿನಕಡ್ಡಿಯ ಪಕ್ಕದಲ್ಲೇ ದೇವರ ಮುಂದಿನ ಕುಂಕುಮದ ಭರಣಿ ಇತ್ತು. ಅದನ್ನು ನೋಡಿದ್ದೇ ಅಪ್ಪಾರಾವ್‌ನ ಆಯುಧಪೂಜೆ ನೆನಪಾಯಿತು. ಗಾಳಿಯ ದಾರಿ ತೋರಿಸಿದ ಕುಂಕುಮ, ತಾಗುವ ಜಾಗ ತೋರಿಸದೇ ಇದ್ದೀತೇ? ತಂತಿ ಬಾಗುವ ಕಡೆ ಒದ್ದೆ ಕುಂಕುಮದ ಒಂದು ಬೊಟ್ಟಿಟ್ಟು ಬಾಗಿಲು ಮುಚ್ಚುವುದು. ತೆರೆದಾಗ ಬಾಗಿಲಿಗೂ ಬೊಟ್ಟು ಅಂಟಿದ್ದರೆ ತಾಗುತ್ತಿದೆ ಎಂದರ್ಥ. ಭರಣಿಯನ್ನು ಚೀಲಕ್ಕೆ ಹಾಕಿಕೊಂಡೆ.

ಗವರ್ನರ್‌ಪೇಟೆಯಲ್ಲಿ ಕಂಪ್ಯೂಟರ್ ಸಾಮಾನಿನ ಸಗಟು ವ್ಯಾಪಾರಿ ಸುಬ್ಬಾರಾವ್ ನನಗೆ ಹಳಬ. ಆಟೋಗಳ ಗದ್ದಲ ದಾಟಿ, ಮೆಟ್ಟಿಲು ಹತ್ತಿ ಹೋದರೆ ಮಹಡಿ ತುಂಬ ಕ್ಯಾಬಿನೆಟ್. ಒಂದೊಂದನ್ನೇ ಬಿಚ್ಚಿಸಿ, ನನ್ನ ರಟ್ಟಿನ ಸಾಮಾನು ತುಂಬಿ, ಫೋಮ್ ಕೂರಿಸಿ, ತಂತಿಗೆ ಬೊಟ್ಟಿಟ್ಟು ಬಾಗಿಲು ಮುಚ್ಚುವುದು, ತೆರೆಯುವುದು. ಗಾಜಿನ ಬಾಗಿಲಿನದೊಂದು ಹೊರಗಿನಿಂದ ಅರಮನೆ, ಒಳಗೆ ಹೋದರೆ ಕಾಲು ಚಾಚಲು ಜಾಗವಿಲ್ಲ. ಬೊಟ್ಟು ಗಾಜಿನ ಮೇಲೆ ಠಸ್ಸೆಯಂತೆ ಬಿತ್ತು. ಇನ್ನೊಂದರಲ್ಲಿ ಅಗಲವಿತ್ತು, ಆದರೆ ಹಾರ್ಡ್‌ಡಿಸ್ಕಿನ ಗೂಡನ್ನು ರಿವಿಟ್ ಹೊಡೆದು ಕೂರಿಸಿದ್ದರು. ಕಾರ್ಡಿನ ತುದಿ ಅದಕ್ಕೆ ಗುದ್ದಿ ನಿಂತಿತು. ಮತ್ತೊಂದರಲ್ಲಿ ಕಾರ್ಡ್ ಹಿಡಿಸಿತು, ಆದರೆ ಅದರ ಮೂಗು ಫೋಮನ್ನು ಫ್ಯಾನಿನ ರೆಕ್ಕೆಗೆ ಒತ್ತುತ್ತಿತ್ತು. ಫೋಮ್ ಇಲ್ಲದೆ ಅಳೆದಿದ್ದರೆ ಅದನ್ನೇ ಒಳ್ಳೆಯದೆಂದು ತರುತ್ತಿದ್ದೆ.

ಸುಬ್ಬಾರಾವ್ ನನ್ನನ್ನೇ ನೋಡುತ್ತ ಕೂತಿದ್ದವನು ಕೊನೆಗೆ ತಡೆಯಲಾರದೆ ಕೇಳಿದ: “ಏಮಂಡಿ ಮೇಡಂಗಾರು, ಇದೇಮೈನಾ ಪೆಳ್ಳಿಚೂಪುಲಾ?”

ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದು.

“ಹೌದಪ್ಪ,” ಎಂದೆ ನಾನೂ ತೆಲುಗಿನಲ್ಲಿ. “ಆದರೆ ಇಲ್ಲಿ ಬೊಟ್ಟು ಅಂಟಿದ್ದನ್ನು ವಾಪಸ್ ಕಳಿಸ್ತೀವಿ.”

ಅವನು ನಕ್ಕು ಒಳಗಿನ ಮೂಲೆಯಿಂದ ಧೂಳು ಹಿಡಿದ ಒಂದನ್ನು ಎಳೆದು ತಂದ. ಯಾರೂ ಕೇಳುವುದಿಲ್ಲ ಎಂದ. ಕಪ್ಪಗೆ, ಕುಳ್ಳಗೆ, ಅಗಲವಾಗಿ, ನೋಡಲು ಏನೇನೂ ಚಂದವಿಲ್ಲ. ಗಾಜಿಲ್ಲ, ಲೈಟಿಲ್ಲ. ಎಲ್ಲ ತುಂಬಿ, ಫೋಮ್ ಕೂರಿಸಿ, ಬೊಟ್ಟಿಟ್ಟು ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದೆ. ಸರಕ್ಕನೆ ಹೋಗಿ ಕೂತಿತು. ತೆರೆದೆ, ಒಳಮೈ ಶುಭ್ರ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಮಹಡಿಯಲ್ಲೇ ಒಂದು ಹಾಡು ಹೇಳಿಬಿಡುವಷ್ಟು. ಮಾದರಿ ಎಂದು ಒಯ್ದು ವಾಪಸ್ ತರುತ್ತೇನೆ ಎಂದದ್ದಕ್ಕೆ ಸುಬ್ಬಾರಾವ್ ಧಾರಾಳವಾಗಿ ಒಪ್ಪಿದ. ವಿಶಾಖಪಟ್ಟಣದವರೆಗೆ ಅದನ್ನು ಕಾಲ ಬಳಿ ಇಟ್ಟುಕೊಂಡು ಬಂದೆ. ಕಾಫಿಯವನು ಅದರ ಮೇಲೇ ಲೋಟ ಇಟ್ಟು ಚಿಲ್ಲರೆ ಹುಡುಕಿದ.

ಕಮಿಟಿಯ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ಮೇಜಿನ ಮೇಲೆ ಎರಡೂ ಕ್ಯಾಬಿನೆಟ್ ಇಟ್ಟೆ, ನಮ್ಮ ತೆಳ್ಳನೆಯದು ಮತ್ತು ಸುಬ್ಬಾರಾವ್‌ನ ಕಪ್ಪು ಕುಳ್ಳ. ಎರಡರಲ್ಲೂ ಅದೇ ಜಾತಿಯ ನಿಜವಾದ ಕಾರ್ಡ್, ಅದೇ ತಂತಿ, ಅದೇ ಆಟೋನಗರದ ಫೋಮ್. ಕರೆಂಟು ಕೊಟ್ಟಿರಲಿಲ್ಲ. ಶಿರೀಷಾಳನ್ನು ಕರೆಸಿ ಎರಡಕ್ಕೂ ಪ್ಲಗ್ಗು ಹಾಕಿಸಿದೆ. ಕೊಕ್ಕೆ ಪೂರ್ತಿ ಹಿಡಿದಿದೆಯೇ ನೋಡಿ ಎಂದು ಹಿರೇಮಠರಿಗೂ ಮೂರ್ತಿಗಾರುಗೂ ಎಳೆದು ನೋಡಲು ಕೊಟ್ಟೆ. ಹಿಡಿದಿದೆ ಎಂದು ಇಬ್ಬರೂ ಒಪ್ಪಿದರು. ಭರಣಿ ತೆಗೆದು ಎರಡು ತಂತಿಗಳ ಬಾಗಿಗೂ ಬೊಟ್ಟಿಟ್ಟೆ.

“ಇದೇಂಟಮ್ಮಾ, ಪೂಜಾ?” ಎಂದರು ಮೂರ್ತಿಗಾರು. ಇದೇನಮ್ಮ, ಪೂಜೆಯೇ ಎಂದು.

“ಈಗ ಗೊತ್ತಾಗತ್ತೆ ಸರ್,” ಎಂದು, ಹಿರೇಮಠರ ಕಡೆ ತಿರುಗಿದೆ. “ಬಾಗಲ ನೀವ ಮುಚ್ಚಿ ಕೊಡ್ರಿ ಸರ್.”

ಬಾಗಿಲು ಕೂರದೆ ಅವರೇ ಕೈ ಬಿಡುತ್ತಾರೆ ಎಂದಷ್ಟೇ ನನ್ನ ಎಣಿಕೆ ಇತ್ತು. ಅವರು ಕಪ್ಪು ಕುಳ್ಳನ ಬಾಗಿಲನ್ನು ಸುಲಭವಾಗಿ ಮುಚ್ಚಿದರು. ತೆಳ್ಳನೆಯದರ ಬಾಗಿಲಿಗೆ ಅಂಗೈ ಕೊಟ್ಟು ಒತ್ತಿದರು, ಉಬ್ಬಿ ವಾಪಸ್ ಬಂತು. ಎರಡೂ ಕೈ ಹಾಕಿದರು. ಆಮೇಲೆ, ಏನು ಮಾಡುತ್ತಿದ್ದೇನೆ ಎಂಬ ಪರಿವೆಯೇ ಇಲ್ಲದೆ, ಡಬ್ಬಿಯನ್ನು ನೆಲಕ್ಕೆ ಇಳಿಸಿ ಮಲಗಿಸಿದರು, ಪ್ಯಾಂಟು ಸ್ವಲ್ಪ ಮೇಲಕ್ಕೆಳೆದುಕೊಂಡು ಮೊಣಕಾಲು ಇಟ್ಟು ಒತ್ತಿ ಸ್ಕ್ರೂ ತಿರುಗಿಸತೊಡಗಿದರು. ಎಷ್ಟು ಸಲೀಸಾಗಿ ಎಂದರೆ ದಿನಾ ಮಾಡುವವರ ಹಾಗೆ.

“ಸಾರ್, ಮೀರು ಕೂಡಾನಾ?” ಎಂದರು ಮೂರ್ತಿಗಾರು ಮೆಲ್ಲಗೆ. ನೀವೂನಾ ಎಂದು. ಮೊಣಕಾಲಿಟ್ಟೇ ಬಾಗಿಲು ಮುಚ್ಚಿದೆ ಎಂದು ಶಿರೀಷಾ ವಿಚಾರಣೆಯಲ್ಲಿ ಹೇಳಿದ್ದು ಅವರಿಗೆ ನೆನಪಿತ್ತು.

ಹಿರೇಮಠರ ಕೈ ನಿಂತಿತು. ತಲೆ ತಗ್ಗಿಸಿ ತಮ್ಮ ಮೊಣಕಾಲನ್ನೇ ನೋಡಿದರು. ನಾನು ನಗಲಿಲ್ಲ, ಯಾರೂ ನಗಲಿಲ್ಲ. ಅವರೇ ಸ್ಕ್ರೂ ಬಿಚ್ಚಿ ಬಾಗಿಲು ಎತ್ತಿ ತಿರುಗಿಸಿದರು. ಒಳಮೈಯಲ್ಲಿ ರೂಪಾಯಿಯಷ್ಟಗಲ ಕುಂಕುಮ. ಸುಟ್ಟ ಯಂತ್ರದ ಒಂದು ಬಾಗಿಲನ್ನು ಪಕ್ಕಕ್ಕಿಟ್ಟೆ. ಹೊಳಪಿನ ಮಚ್ಚೆ ಅದೇ ಜಾಗದಲ್ಲಿತ್ತು. ಪ್ಲಗ್ಗಿನ ಕೊಕ್ಕೆ ಹಿಡಿದೇ ಇತ್ತು, ಪ್ಲಗ್ಗು ಮಾತ್ರ ಓರೆಯಾಗಿತ್ತು. ಕಪ್ಪು ಕುಳ್ಳನ ಬಾಗಿಲು ತೆರೆದರೆ ಏನೂ ಇಲ್ಲ.

ಅವರು ಆ ಎರಡು ಬಾಗಿಲುಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿದರು. ಆಮೇಲೆ ಮೂರ್ತಿಗಾರು ಕಡೆ ತಿರುಗಿ ತೆಲುಗಿನಲ್ಲಿ, ಹುಡುಗಿಯ ತಪ್ಪೇನೂ ಇಲ್ಲ, ಈ ಡಬ್ಬಿ ಆರಿಸಿದವನು ನಾನು, ಹಾಗೇ ಬರೆಯಿರಿ ಎಂದರು. ಮೇಜಿನ ಗೂಡಿನ ಅಳತೆ ಹಿಡಿದವನಿಗೆ ಡಬ್ಬಿಯ ಒಳಗಿನ ಅಳತೆ ಕಾಣಲಿಲ್ಲ ಎಂದೂ ಸೇರಿಸಿದರು. ಕೋಣೆಯಿಂದ ಹೊರಡುವಾಗ ನನ್ನ ಕಡೆ ನೋಡದೆ ಕನ್ನಡದಲ್ಲಿ ಇಷ್ಟು ಹೇಳಿದರು: “ಗೂಡು ಕತ್ತರಸ್ರಿ.”

ಮೂವರೂ ಸಹಿ ಹಾಕಿದೆವು. ಮೇಜುಗಳ ಗೂಡು ಕತ್ತರಿಸಿ ಅಗಲ ಮಾಡಿಸಲು ಆದೇಶವಾಯಿತು. ಶಿರೀಷಾ ಕಾಯಂ ಆದಳು. ಅವಳ ತಾಯಿ ನಮ್ಮ ಕ್ವಾರ್ಟರ್ಸಿಗೆ ಬಂದು ಅರಿಸೆಲು, ಅಂದರೆ ನಮ್ಮ ಕಜ್ಜಾಯ, ಕೊಟ್ಟು ನನ್ನ ಕೈ ಹಿಡಿದು ಅದುಮಿ ಹೋದರು. ಹಿರೇಮಠರು ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು. ಆ ನವೆಂಬರಿನಲ್ಲಿ ಸಂಘದಲ್ಲಿ ಹಾಡಲು ನನ್ನನ್ನು ಕರೆಯಲಿಲ್ಲ. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮತ್ತೊಮ್ಮೆ ಅಂಥದೇ ಪ್ರಸಂಗ ಬಂದರೆ ಮತ್ತೊಮ್ಮೆ ಭರಣಿ ಹಿಡಿದು ಹೋಗುತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ.

ನಿಮಗೆ ಹೇಳಬೇಕಾದದ್ದು ಇಷ್ಟೇ ಮಕ್ಕಳೇ. ಕ್ಯಾಬಿನೆಟ್ ಹೋಲಿಸುವಾಗ ಖಾಲಿ ಡಬ್ಬಿಗೆ ಟೇಪು ಹಿಡಿಯಬೇಡಿ. ನಿಮ್ಮ ಕಾರ್ಡ್, ನಿಮ್ಮ ಕೂಲರ್, ನಿಮ್ಮ ಊರಿನ ಧೂಳಿಗೆ ನೀವು ಹಾಕುವ ಫೋಮ್, ತಂತಿಯ ಬಾಗು, ಎಲ್ಲ ತುಂಬಿ ಆಮೇಲೆ ಬಾಗಿಲು ಮುಚ್ಚಿ ನೋಡಿ. ಕಾರ್ಡ್ ತರಲಾಗದಿದ್ದರೆ ರಟ್ಟು ಕತ್ತರಿಸಿ. ನಾಚಿಕೆ ಪಡಬೇಡಿ, ಅಂಗಡಿಯವನು ನಕ್ಕರೆ ನಗಲಿ. ಬಾಗಿಲು ಒಂದು ಬೆರಳಿಗೆ ಮುಚ್ಚಬೇಕು. ಎರಡನೆಯ ಕೈ ಬೇಕೆನಿಸಿದ ಕೂಡಲೇ ನಿಂತು, ಒಳಗೆ ಯಾರಿಗೆ ನೋವಾಗುತ್ತಿದೆ ಎಂದು ನೋಡಿ.

ಕಮಿಟಿಯ ತೀರ್ಮಾನದಂತೆ ಹೊಸದಾಗಿ ತರಿಸಿದ ಕಪ್ಪು ಕುಳ್ಳ ಡಬ್ಬಿಗಳು ಬಂದ ದಿನ ತಪಾಸಣೆ ಕೋಣೆಯಲ್ಲಿ ಮೊದಲನೆಯದನ್ನು ಶಿರೀಷಾಳೇ ಜೋಡಿಸುತ್ತಿದ್ದಳು. ನಾನು ಪಕ್ಕದಲ್ಲಿ ತಂತಿ ಹಿಡಿದು ನಿಂತಿದ್ದೆ. ಹಿರೇಮಠರು ಬಂದದ್ದು ನಮಗೆ ಗೊತ್ತಾಗಲಿಲ್ಲ. ಅವಳು ಕಾರ್ಡಿನ ಪ್ಲಗ್ಗು ಒತ್ತಿದಾಗ ಹಿಂದಿನಿಂದ ಅವರ ದನಿ ಕೇಳಿಸಿತು.

“ಮಳ್ಳಿ ಪೆಟ್ಟಮ್ಮಾ.” ಇನ್ನೊಮ್ಮೆ ಹಾಕು ತಾಯಿ.

ಶಿರೀಷಾ ತಟ್ಟನೆ ತಿರುಗಿದಳು. ನನ್ನ ಕಡೆ ನೋಡಿದಳು. ನಾನು ಹಾಕು ಎಂದು ಕಣ್ಣಲ್ಲೇ ಹೇಳಿದೆ. ಅವಳು ಪ್ಲಗ್ಗನ್ನು ಹೊರಗೆಳೆದಳು. ಹಿರೇಮಠರು ಕನ್ನಡಕ ತೆಗೆದು ಜೇಬಿಗೆ ಹಾಕಿ, ಬಗ್ಗಿ, ಕ್ಯಾಬಿನೆಟ್ಟಿನ ಹತ್ತಿರ ಕಿವಿ ತಂದರು. ಅವಳು ಒತ್ತಿದಳು.

“ಕ್ಲಿಕ್ ವಚ್ಚಿಂದಿ,” ಎಂದರು ಹಿರೇಮಠರು, ಎಲ್ಲರಿಗೂ ಕೇಳುವಂತೆ.

ಶಿರೀಷಾ ಬಾಗಿಲನ್ನು ಎತ್ತಿ ಕೂರಿಸಿ, ಒಂದೇ ಬೆರಳಿನಿಂದ ತಳ್ಳಿ ಮುಚ್ಚಿದಳು.